ದಾಖಲಾದ ಪ್ರಕರಣವೂ ನಡೆದ ಮದುವೆಯೂ: ಪ್ರವೃತ್ತಿ ವರದಿಯ ಪುರಾವೆ ಕುರಿತು ಒಂದು ಟಿಪ್ಪಣಿ

ಬಾಲ್ಯವಿವಾಹ ಹೆಚ್ಚುತ್ತಿದೆಯೇ ಎಂಬ ವರದಿಗೆ ಪುರಾವೆ ಹುಡುಕುವುದು ಈ ವಾರ ನಮ್ಮ ಅಭ್ಯಾಸವಾಗಿತ್ತು. ಕಲಬುರಗಿಯಲ್ಲಿ ನನ್ನೊಂದಿಗೆ ಪತ್ರಿಕೋದ್ಯಮ ಓದುತ್ತಿರುವ ಗೆಳೆಯರಿಗೆ ಉಪಯೋಗವಾಗಲೆಂದು, ನಾನು ಎರಡು ದಿನ ಸಿಲುಕಿಕೊಂಡಿದ್ದ ಜಾಗವನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಸುರಪುರ ತಾಲ್ಲೂಕಿನ ಒಂದು ಊರಿನಿಂದ ಮೂರು ಮನೆಗಳ ಕಥೆ ತಂದರೆ ಅದು ಸಮಸ್ಯೆ ಇದೆ ಎಂಬುದಕ್ಕೆ ಪುರಾವೆಯಾಗುತ್ತದೆಯೇ ಹೊರತು ಹೆಚ್ಚಿದೆ ಎಂಬುದಕ್ಕಲ್ಲ. ಯಾದಗಿರಿ ನಿಲ್ದಾಣದಲ್ಲಿ ಗಂಟುಮೂಟೆಯೊಂದಿಗೆ ಬೆಂಗಳೂರಿನ ರೈಲಿಗೆ ಕಾದವರನ್ನು ಒಂದು ಸಂಜೆ ಕಂಡು ‘ಗುಳೆ ಹೆಚ್ಚಿದೆ’ ಎಂದು ಬರೆಯುವುದೂ ಇದೇ ತಪ್ಪು. ಹೆಚ್ಚಳ ಎನ್ನಬೇಕಾದರೆ ಒಂದೇ ಅಳತೆಯಿಂದ ಎರಡು ಕಾಲಗಳನ್ನು ಅಳೆದಿರಬೇಕು.

ಅಂಥ ಅಳತೆಯೆಂದು ಮೊದಲು ಕಣ್ಣಿಗೆ ಬೀಳುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಅಂಕಿ. ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ದೇಶದಲ್ಲಿ 2019ರಲ್ಲಿ 523, 2020ರಲ್ಲಿ 785 ಪ್ರಕರಣಗಳು ದಾಖಲಾದವು. 2020ರ ಪ್ರಕರಣಗಳಲ್ಲಿ 184 ಕರ್ನಾಟಕದವು. ಇದನ್ನು ‘ಬಾಲ್ಯವಿವಾಹ ಶೇ 50ರಷ್ಟು ಹೆಚ್ಚಳ’ ಎಂದು ಬರೆಯುವ ಆಸೆ ಸಹಜವಾದರೂ ಅಲ್ಲಿ ಎಣಿಕೆಯಾಗಿರುವುದು ಮದುವೆಗಳಲ್ಲ, ಠಾಣೆಯ ದಾಖಲೆಗಳು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೋ ಠಾಣೆಗೋ ಕರೆ ಮಾಡಿ, ಅಧಿಕಾರಿ ಊರಿಗೆ ಹೋಗಿ, ದೂರು ಬರೆದುಕೊಂಡರೆ ಮಾತ್ರ ಸಂಖ್ಯೆ ಏರುತ್ತದೆ. ಆದ್ದರಿಂದ ಮದುವೆಗಳು ಹೆಚ್ಚಿದರೂ ಇದು ಏರಬಹುದು, ಜನರ ಎಚ್ಚರ ಹೆಚ್ಚಿದರೂ ಏರಬಹುದು. ಎರಡರಲ್ಲಿ ಯಾವುದೆಂದು ಹೇಳುವ ಶಕ್ತಿ ಈ ಅಂಕಿಗೆ ಇಲ್ಲ.

ಹಾಗಾದರೆ ಸಮೀಕ್ಷೆಯನ್ನು ನಂಬೋಣವೆಂದು ಹೊರಟಾಗಲೇ ನನಗೆ ನಿಜವಾದ ತೊಡಕು ಎದುರಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಬಾಲ್ಯವಿವಾಹದ ಅಂಕಿ ಶೇ 21.3, ನಾಲ್ಕನೇ ಸುತ್ತಿನಲ್ಲಿ (2015–16) ಶೇ 21.4. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದರೂ ಏನೂ ಬದಲಾಗಲಿಲ್ಲ ಎಂದು ನಾನು ಬರೆದುಬಿಟ್ಟಿದ್ದೆ. ಅದು ಪೂರ್ತಿ ತಪ್ಪು. ಸಮೀಕ್ಷೆಯ ಹೆಸರಿನಲ್ಲಿ 2021 ಇದ್ದರೂ ಕರ್ನಾಟಕದ ಮನೆಗಳ ಭೇಟಿ 2019ರಲ್ಲೇ ಮುಗಿದಿತ್ತು. ಅದಕ್ಕಿಂತ ಮುಖ್ಯವಾಗಿ, ಈ ಅಂಕಿ ಬಾಲಕಿಯರನ್ನು ಕೇಳಿ ಬಂದದ್ದಲ್ಲ. ಈಗ 20ರಿಂದ 24 ವರ್ಷದೊಳಗಿರುವ ಮಹಿಳೆಯರಲ್ಲಿ ಎಷ್ಟು ಜನರ ಮದುವೆ 18 ತುಂಬುವ ಮುನ್ನ ಆಗಿತ್ತು ಎಂದು ಕೇಳಿ ಬಂದದ್ದು. 16 ವರ್ಷದ ಹುಡುಗಿ ಇಂದು ‘ಮದುವೆಯಾಗಿಲ್ಲ’ ಎಂದರೂ ಮುಂದಿನ ವೈಶಾಖದಲ್ಲಿ ಆಕೆಯ ಲಗ್ನ ಆಗಬಹುದು. 18 ದಾಟಿದವಳ ಉತ್ತರ ಮಾತ್ರ ಇನ್ನು ಬದಲಾಗದು, ಅದಕ್ಕಾಗಿಯೇ ಈ ವಯೋಮಾನ.

ನಾನು ಈಗ ಹಾಳೆಯ ಅಂಚಿನಲ್ಲಿ ಒಂದು ಲೆಕ್ಕ ಬರೆದುಕೊಳ್ಳುತ್ತೇನೆ: ಸಮೀಕ್ಷೆಯ ವರ್ಷದಲ್ಲಿ ವಯಸ್ಸನ್ನು ಕಳೆದು 18 ಕೂಡಿಸುವುದು. 2019ರಲ್ಲಿ 24ರವಳಿಗೆ 18 ತುಂಬಿದ್ದು ಸುಮಾರು 2013ರಲ್ಲಿ, 20ರವಳಿಗೆ 2017ರಲ್ಲಿ. ಅಂದರೆ ಶೇ 21.3 ಎಂಬುದು 2017ರ ಮತ್ತು ಅದಕ್ಕೂ ಹಿಂದಿನ ಮದುವೆಗಳ ಮಾತು. ಕೋವಿಡ್ ಕಾಲದ ಒಂದೇ ಒಂದು ಮದುವೆಯೂ ಅದರೊಳಗಿಲ್ಲ. ಆ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಹುಡುಗಿಯರಿಗೆ ಏನಾಯಿತೆಂಬ ಪ್ರಶ್ನೆಗೆ ನಾನು ತಪ್ಪು ಕನ್ನಡಿ ಹಿಡಿದಿದ್ದೆ ಎಂಬುದು ಈಗಲೂ ಮನಸ್ಸನ್ನು ಕೊರೆಯುತ್ತದೆ.

ಇಳಿಕೆಯನ್ನು ಬರೆಯುವಾಗಲೂ ಎಚ್ಚರ ಬೇಕು. ಇದೇ ಎರಡು ಸುತ್ತುಗಳ ನಡುವೆ ದೇಶದ ಅಂಕಿ ಶೇ 26.8ರಿಂದ 23.3ಕ್ಕೆ ಬಂದಾಗ ಇಳಿದದ್ದು 3.5 ಶೇಕಡಾ ಅಂಶ, ‘ಶೇ 3.5ರಷ್ಟು ಇಳಿಕೆ’ ಎಂದರೆ ಅರ್ಥವೇ ಬೇರೆ, ಏಕೆಂದರೆ 26.8ರಲ್ಲಿ 3.5 ಎಷ್ಟು ಪಾಲು ಎಂದು ಲೆಕ್ಕ ಹಾಕಿದರೆ ಇಳಿಕೆ ಶೇ 13ರಷ್ಟಾಗುತ್ತದೆ. ಇದೇ ಸಮೀಕ್ಷೆಯ ಜಿಲ್ಲಾ ಅಂಕಿಪಟ್ಟಿ ನೋಡುವಾಗ ಆವರಣದೊಳಗಿನ ಸಂಖ್ಯೆಗಳು 25ರಿಂದ 49 ಜನರ ಉತ್ತರದಿಂದ ಮಾತ್ರ ಬಂದವು. 25ಕ್ಕಿಂತ ಕಡಿಮೆ ಇದ್ದಲ್ಲಿ ಸಂಖ್ಯೆಯನ್ನೇ ಕೊಡದೆ ನಕ್ಷತ್ರ ಚಿಹ್ನೆ ಹಾಕಿರುತ್ತಾರೆ.

ನನ್ನ ವರದಿಯ ಶೀರ್ಷಿಕೆಯನ್ನು ‘ಕಾಯ್ದೆಯಡಿ ದಾಖಲಾದ ಪ್ರಕರಣ 523ರಿಂದ 785ಕ್ಕೆ’ ಎಂದು ಬದಲಿಸಿದ್ದೇನೆ. ಸುರಪುರದ ಮೂರು ಮನೆಗಳ ಕಥೆಯನ್ನು ಬಿಟ್ಟಿಲ್ಲ; ಆದರೆ ಶಾಲೆಯ ದಾಖಲಾತಿ ವಹಿಯಲ್ಲಿ ಆ ಹುಡುಗಿಯರ ಜನ್ಮದಿನಾಂಕ ನೋಡುವವರೆಗೆ ಅವರ ವಯಸ್ಸನ್ನು ಬರೆಯುವುದಿಲ್ಲ.