ರೊಟ್ಟಿಯದೇನು ತಪ್ಪು?

ಬುಧವಾರ ರಾತ್ರಿ ತೂಕ ಇಳಿಸುವ ಸೂಜಿ ಚುಚ್ಚಿಕೊಂಡಾಗಿದೆ. ಗುರುವಾರ ಸಂಜೆ ಅಡುಗೆಮನೆಯಲ್ಲಿ ಪುಂಡಿಪಲ್ಯಕ್ಕೆ ಬಳ್ಳೊಳ್ಳಿ ಒಗ್ಗರಣೆ ಚುಂಯ್ ಅನ್ನುತ್ತದೆ. ಇಷ್ಟು ವರ್ಷ ಆ ವಾಸನೆಗೇ ತಾಟಿನ ಮುಂದೆ ಬಂದು ಕೂತವರು ಇವತ್ತು ಮೂಗು ಮುಚ್ಚಿಕೊಂಡು ಪಡಸಾಲೆಗೆ ಹೋಗುತ್ತಾರೆ. ಬಿಸಿ ರೊಟ್ಟಿ ಕಂಡರೆ ಹೊಟ್ಟೆ ತೊಳಸುತ್ತದೆ. ‘ಬಾಯಿ ಕೆಟ್ಟೈತಿ’ ಅನ್ನುತ್ತಾರೆ ಮನೆಯವರು. ಬಾಯಿ ಕೆಟ್ಟಿಲ್ಲ. ಮೆದುಳು ಒಂದು ಪಾಠ ಕಲಿತಿದೆ, ಅದೂ ತಪ್ಪು ಪಾಠ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಈ ಔಷಧಗಳು ನಮ್ಮ ಕರುಳೇ ಊಟದ ನಂತರ ಸುರಿಸುವ ಜಿಎಲ್‌ಪಿ-1 ಎಂಬ ಹಾರ್ಮೋನಿನ ನಕಲುಗಳು. ಟಿರ್ಜೆಪಟೈಡ್ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಮೂಲ ಹಾರ್ಮೋನು ರಕ್ತದಲ್ಲಿ ಒಂದೆರಡು ನಿಮಿಷ ಉಳಿದರೆ ಹೆಚ್ಚು. ಸೆಮಾಗ್ಲುಟೈಡ್ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಟಿರ್ಜೆಪಟೈಡ್‌ಗೆ ಐದು ದಿನ. ವಾರಕ್ಕೊಂದೇ ಸೂಜಿ ಸಾಕಾಗುವುದು ಇದರಿಂದಲೇ. ಔಷಧ ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತದೆ, ಮೆದುಳಿನ ಹಸಿವಿನ ಕೇಂದ್ರಗಳಿಗೆ ‘ಸಾಕು’ ಅನ್ನುತ್ತದೆ. ಮೆದುಳಿನ ಬುಡದಲ್ಲಿ ಏರಿಯಾ ಪೋಸ್ಟ್ರೀಮಾ ಎಂಬ ಪುಟ್ಟ ಜಾಗವಿದೆ. ಮೆದುಳಿನ ಉಳಿದ ಭಾಗಕ್ಕೆ ರಕ್ತದ ಕಡೆಯಿಂದ ಒಂದು ತಡೆಗೋಡೆಯಿದ್ದರೆ ಇಲ್ಲಿ ಅದು ಸಡಿಲ, ಏಕೆಂದರೆ ರಕ್ತದಲ್ಲಿ ವಿಷವೇನಾದರೂ ಬಂದಿದೆಯೇ ಎಂದು ನೋಡುವುದೇ ಇದರ ಕೆಲಸ. ಔಷಧ ಈ ಕಾವಲುಗಾರನನ್ನೂ ಮುಟ್ಟುತ್ತದೆ. ವಾಕರಿಕೆ ಹುಟ್ಟುವುದು ಅಲ್ಲಿ. 2021ರಲ್ಲಿ ಪ್ರಕಟವಾದ, 1,961 ಜನ ಪಾಲ್ಗೊಂಡ ಸೆಮಾಗ್ಲುಟೈಡ್ ಪ್ರಯೋಗದಲ್ಲಿ ಔಷಧ ಪಡೆದ ನೂರರಲ್ಲಿ 44 ಮಂದಿಗೆ ಒಮ್ಮೆಯಾದರೂ ವಾಕರಿಕೆ ಬಂದಿತ್ತು. ಔಷಧವಿಲ್ಲದ ಬರೀ ನೀರುಸೂಜಿ ಪಡೆದವರಲ್ಲೂ ನೂರಕ್ಕೆ 17 ಮಂದಿಗೆ ಬಂದಿತ್ತು ಅನ್ನುವುದನ್ನು ಮರೆಯಬಾರದು.

ವಾಕರಿಕೆ ಬಂದುಹೋಗುತ್ತದೆ. ಅದು ಬಿಟ್ಟುಹೋಗುವ ಹೇವರಿಕೆ ಮಾತ್ರ ಅಷ್ಟು ಬೇಗ ಹೋಗುವುದಿಲ್ಲ. 1955ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ ಮತ್ತು ಜೊತೆಗಾರರು ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರು ಕೊಡುತ್ತ, ಕಾಯಿಲೆ ಬೀಳುವಷ್ಟು ವಿಕಿರಣ ತಾಗಿಸಿದರು. ಇಲಿಗಳು ಆಮೇಲೆ ಸಿಹಿನೀರಿನ ಹತ್ತಿರ ಸುಳಿಯಲಿಲ್ಲ. ಕಾಯಿಲೆ ತಂದದ್ದು ವಿಕಿರಣ, ಆರೋಪ ಬಂದದ್ದು ನೀರಿನ ಮೇಲೆ. ಉಂಡು ಕೆಲವು ಗಂಟೆ ಕಳೆದು ಹೊಟ್ಟೆ ಕೆಟ್ಟರೂ ಈ ನಂಟು ಬೆಳೆಯುತ್ತದೆ, ಅದಕ್ಕೆ ಒಂದು ಸಲ ಸಾಕು. ವಿಷದ ಕಾಯಿ ತಿಂದು ಬದುಕಿದ ಪ್ರಾಣಿಗೆ ಎರಡನೆಯ ಪರೀಕ್ಷೆಯ ಐಷಾರಾಮ ಇರುವುದಿಲ್ಲವಲ್ಲ. ನಮ್ಮ ಮೆದುಳೂ ಹಾಗೇ: ಗುರುವಾರ ಹೊಟ್ಟೆ ತೊಳಸಿದಾಗ ಸೂಜಿಯನ್ನು ಹಿಡಿಯುವುದಿಲ್ಲ, ತಾಟಿನಲ್ಲಿದ್ದುದನ್ನು ಹಿಡಿಯುತ್ತದೆ. ಹೊಸ ರುಚಿ, ಗಾಢ ವಾಸನೆ, ಎಣ್ಣೆ, ಮಾಂಸ, ತತ್ತಿಯ ಮೇಲೆ ಆರೋಪ ಬೇಗ ಅಂಟುತ್ತದೆ. ಚಿಕ್ಕಂದಿನಿಂದ ಉಂಡ ರೊಟ್ಟಿಗೆ ಹಳೆಯ ಪರಿಚಯದ ರಕ್ಷಣೆ ಇದೆ, ಆದರೆ ವಾರ ವಾರವೂ ಅದೇ ಗುರುವಾರ ಅದೇ ಬಿಸಿ ರೊಟ್ಟಿ ಬಂದರೆ ಅದೂ ಸಿಕ್ಕಿಬೀಳುತ್ತದೆ.

ಹಾಗೆಂದು ಊಟ ಬೇಡವೆನಿಸಿದ್ದೆಲ್ಲ ಹೇವರಿಕೆಯಲ್ಲ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದರೆ ಅದು ಔಷಧದ ಸಹಜ ಕೆಲಸ, ತುತ್ತು ಸಣ್ಣದು ಮಾಡಿ ದಿನಕ್ಕೆ ಐದು ಸಲ ಉಂಡರೆ ಆಯಿತು. ಕುಂದಾ, ಕರದಂಟಿನ ನೆನಪೇ ಬಾರದಿದ್ದರೆ ಅದು ಬೇಕೆಂದೇ ತಂದುಕೊಂಡ ಫಲ. ವಾಸನೆಗೇ, ನೋಟಕ್ಕೇ ಗಂಟಲು ಕಟ್ಟಿದರೆ ಮಾತ್ರ ಅದು ಕಲಿತ ಹೇವರಿಕೆ. ಮುಂದಿನ ಉಪಾಯಗಳು ಅದಕ್ಕೆ.

ಮೊದಲು ಎರಡು ವಾರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ: ಸೂಜಿ ಯಾವಾಗ, ಹೊಟ್ಟೆ ತೊಳಸಿದ್ದು ಯಾವಾಗ, ಅದಕ್ಕೆ ಮುಂಚೆ ಉಂಡದ್ದೇನು. ಸೆಮಾಗ್ಲುಟೈಡ್ ಚುಚ್ಚಿದ ಒಂದರಿಂದ ಮೂರು ದಿನಗಳಲ್ಲಿ ರಕ್ತದಲ್ಲಿ ಏರುತ್ತದೆ. ಅನೇಕರಿಗೆ ಕಷ್ಟದ ಹೊತ್ತು ಅದೇ, ಅದರಲ್ಲೂ ಡೋಸ್ ಏರಿಸಿದ ವಾರ. ತೂಕಕ್ಕಾಗಿ ಕೊಡುವಾಗ ಅದನ್ನು 0.25 ಮಿಲಿಗ್ರಾಂನಿಂದ ಶುರುಮಾಡಿ ನಾಲ್ಕು ವಾರಕ್ಕೊಮ್ಮೆ 0.5, 1, 1.7, 2.4 ಎಂದು ಮೆಟ್ಟಿಲು ಹತ್ತಿಸುವುದು ದೇಹ ಹೊಂದಿಕೊಳ್ಳಲೆಂದೇ. ಮೆಟ್ಟಿಲು ಬಿರುಸಾದರೆ ಅದೇ ಡೋಸಿನಲ್ಲಿ ಇನ್ನೂ ಒಂದು ತಿಂಗಳು ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಬೇಗ ಇಳಿಯಲೆಂದು ಮೆಟ್ಟಿಲು ಹಾರುವವರೇ ಹೆಚ್ಚಾಗಿ ಊಟ ಬಿಟ್ಟು ಮಲಗುವುದು.

ಸೂಜಿಯ ನಂತರದ ಈ ಮೂರು ದಿನ ನಿಮಗೆ ಜೀವನಪೂರ್ತಿ ಬೇಕಾದ ಅಡುಗೆಗಳನ್ನು ಬಚ್ಚಿಡಿ. ಹೋದರೂ ಪರವಾಗಿಲ್ಲ ಅನ್ನುವಂಥದ್ದನ್ನೇ ಮುಂದೆ ಬಿಡಿ. ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುತ್ತಿದ್ದ ಮಕ್ಕಳ ಮೇಲೆ ಅಮೆರಿಕದಲ್ಲಿ ಮನೋವಿಜ್ಞಾನಿ ಐಲೀನ್ ಬರ್ನ್‌ಸ್ಟೈನ್ ಇದನ್ನೇ ತೋರಿಸಿದ್ದರು. ಊಟಕ್ಕೂ ಔಷಧಕ್ಕೂ ನಡುವೆ ವಿಚಿತ್ರ ರುಚಿಯ ಮಿಠಾಯಿಯೊಂದನ್ನು ಕೊಟ್ಟರೆ ಆರೋಪವನ್ನು ಆ ಮಿಠಾಯಿ ಹೊತ್ತುಕೊಳ್ಳುತ್ತಿತ್ತು, ಊಟದ ಪದಾರ್ಥಗಳು ಬಚಾವಾಗುತ್ತಿದ್ದವು. ಹರಕೆಯ ಕುರಿ ಅನ್ನಿ. ಕಿಮೊಥೆರಪಿಯ ಉಪಾಯವನ್ನು ಇಲ್ಲಿಗೆ ಕಡ ತರುತ್ತಿದ್ದೇವೆ, ಆದರೆ ಖರ್ಚಾಗುವುದು ಒಂದು ಮಿಠಾಯಿ.

ಇನ್ನು ವಾಸನೆ. ಬಿಸಿ ಪದಾರ್ಥದಿಂದ ವಾಸನೆಯ ಕಣಗಳು ಹೆಚ್ಚು ಹಾರುತ್ತವೆ, ತಣ್ಣಗಿನದರಿಂದ ಕಡಿಮೆ. ಈ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು: ಖಡಕ್ ರೊಟ್ಟಿ ಇದೆ. ನೀರಾರಿ ಒಣಗಿದ ಅದಕ್ಕೆ ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಅಂಗೈಯಗಲದ ಚೂರು ಮುರಿದು ಒಣದಾಗಿಯೇ ನಿಧಾನ ಕಡಿಯಬಹುದು, ಇಲ್ಲವೇ ಮೊಸರಿನಲ್ಲಿ ಹತ್ತು ನಿಮಿಷ ನೆನೆಸಿ ಉಣ್ಣಬಹುದು. ಬಿಸಿ ರೊಟ್ಟಿಗಿಂತ ಇದರ ರೂಪವೇ ಬೇರೆ, ಹಾಗಾಗಿ ಬಿಸಿ ರೊಟ್ಟಿಯ ಮೇಲಿನ ಮುನಿಸು ಇದಕ್ಕೆ ತಟ್ಟುವುದು ಕಡಿಮೆ. ಜೋಳದ ನುಚ್ಚು ಆರಿಸಿ ಮಜ್ಜಿಗೆ ಹಾಕಿದರೂ ಹಾಗೆಯೇ. ಒಗ್ಗರಣೆ ಹಾಕುವಾಗ ಹೊರಗಿರಿ, ಕಿಟಕಿ ತೆರೆಸಿ, ಬಳ್ಳೊಳ್ಳಿ ಆ ಮೂರು ದಿನ ಬಿಡಲಿ. ಮನೆಗೆ ನೀವೇ ಅಡುಗೆಯವರಾಗಿದ್ದರೆ ಸೂಜಿಯ ಹಿಂದಿನ ದಿನವೇ ಕಾಳು ಬೇಯಿಸಿ ತಂಪಿನಲ್ಲಿಡಿ. ವಾಕರಿಕೆ ಏರುತ್ತಿದ್ದರೆ ಸೂಜಿಗೆ ಮುಂಚೆ ಚರ್ಮ ಒರೆಸುವ ಸ್ಪಿರಿಟ್ ಪಟ್ಟಿ ಬಿಚ್ಚಿ ಮೂಗಿನ ಹತ್ತಿರ ಹಿಡಿದು ಮೂರ್ನಾಲ್ಕು ಉಸಿರು ಎಳೆಯಿರಿ. ತುರ್ತು ಚಿಕಿತ್ಸಾ ಘಟಕಗಳಲ್ಲಿ ಪರೀಕ್ಷಿಸಿದ ಉಪಾಯವಿದು, ಸ್ವಲ್ಪ ಹೊತ್ತಿನ ಮಟ್ಟಿಗೆ ಕೆಲಸ ಮಾಡುತ್ತದೆ.

ಮಿರ್ಚಿ ಭಜಿ, ಎಣ್ಣೆಗಾಯಿ, ಮೂರು ಚಮಚ ಎಣ್ಣೆ ಸುರಿದ ಹಿಂಡಿ: ಇವು ಆ ಮೂರು ದಿನ ನಿಜಕ್ಕೂ ಕಾಟ. ಕೊಬ್ಬು ಹೊಟ್ಟೆಯನ್ನು ಮೊದಲೇ ತಡಮಾಡುತ್ತದೆ, ಔಷಧ ಅದರ ಮೇಲೆ ಇನ್ನಷ್ಟು. ಮಧ್ಯಾಹ್ನದ ಭಜಿ ರಾತ್ರಿಯವರೆಗೂ ಕೂತು, ಕೊಳೆತ ತತ್ತಿಯ ವಾಸನೆಯ ತೇಗು ಬರುವುದು ಹೀಗೆ. ಶೇಂಗಾ ಹಿಂಡಿ ಒಂದು ಚಮಚ ಸಾಕು.

ಹೇವರಿಕೆಯ ನಿಜವಾದ ನಷ್ಟ ಪ್ರೋಟೀನಿನದು. ಬ್ಯಾಳಿ, ತತ್ತಿ, ಮಾಂಸ ಬಿಟ್ಟು ಬಿಸ್ಕಿಟ್-ಚಹಾದಲ್ಲಿ ದಿನ ದೂಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಗುರಿ ಇರಲಿ (ಕಿಡ್ನಿ ತೊಂದರೆ ಇದ್ದವರ ಲೆಕ್ಕ ಬೇರೆ). ಎಲ್ಲವೂ ತಣ್ಣಗೆ, ವಾಸನೆಯಿಲ್ಲದೆ ಇರುವಂತೆ ಲೆಕ್ಕ ಹಾಕೋಣ. 30 ಗ್ರಾಂ ಪುಟಾಣಿ ಹಿಟ್ಟು ಮಜ್ಜಿಗೆಯಲ್ಲಿ ಕದಡಿದರೆ 6 ಗ್ರಾಂ. ಒಂದು ವಾಟಿ ಬೇಯಿಸಿದ ಹೆಸರುಕಾಳು 7. ಪನೀರ್ 50 ಗ್ರಾಂಗೆ 9. ಒಂದು ಲೋಟ ತಣ್ಣನೆಯ ಹಾಲು 6. ನೀರು ಬಸಿದ ಮೊಸರು, ಅಂದರೆ ಚಕ್ಕಾ, 100 ಗ್ರಾಂಗೆ 7. ಖಡಕ್ ರೊಟ್ಟಿ ಒಂದಕ್ಕೆ 4. ಸೋಯಾ ತುಂಡು ಒಣ ತೂಕದಲ್ಲಿ 25 ಗ್ರಾಂ ನೆನೆಸಿ ಹಿಂಡಿದರೆ 13. ಕೂಡಿಸಿದರೆ 52. ತತ್ತಿ ಒಗ್ಗುವವರು ಎರಡು ಸೇರಿಸಿದರೆ 64. ಚಕ್ಕಾ ಮಾಡುವಾಗ ಒಂದು ಎಚ್ಚರ: ಅರ್ಧ ಲೀಟರ್ ಮೊಸರನ್ನು ತೆಳು ಧೋತರದ ಬಟ್ಟೆಯಲ್ಲಿ ಕಟ್ಟಿ ಐದಾರು ಗಂಟೆ ಫ್ರಿಜ್ಜಿನೊಳಗೇ ತೂಗಿಡಿ. ಏಪ್ರಿಲ್ ಬಿಸಿಲಲ್ಲಿ ಗೂಟಕ್ಕೆ ತೂಗುಹಾಕಿದರೆ ಹುಳಿ ವಾಸನೆ ಎದ್ದು, ಮೆದುಳಿಗೆ ಇನ್ನೊಂದು ಆರೋಪಿ ಸಿಕ್ಕಂತಾಗುತ್ತದೆ.

ನೀರನ್ನು ಊಟದ ಜೊತೆ ಗಟಗಟ ಕುಡಿಯಬೇಡಿ, ಅರ್ಧ ಗಂಟೆ ಆಚೀಚೆ ಗುಟುಕು ಗುಟುಕಾಗಿ ಕುಡಿಯಿರಿ. ಹಸಿವಿನ ಜೊತೆ ನೀರಡಿಕೆಯೂ ಕೆಲವರಿಗೆ ಇಳಿಯುತ್ತದೆ. ವಿಜಯಪುರ, ಬಾಗಲಕೋಟೆಯ 40 ಡಿಗ್ರಿ ದಾಟುವ ಬಿಸಿಲಲ್ಲಿ ವಾಂತಿಯೂ ಸೇರಿದರೆ ಕಿಡ್ನಿಗೆ ಪೆಟ್ಟು. ಎರಡು ಲೀಟರಿನ ಬಾಟಲಿ ತುಂಬಿಟ್ಟುಕೊಂಡು ಸಂಜೆಯೊಳಗೆ ಖಾಲಿಯಾಯಿತೇ ನೋಡಿಕೊಳ್ಳಿ, ಉಪ್ಪು ಹಾಕಿದ ತೆಳು ಮಜ್ಜಿಗೆಯೂ ಲೆಕ್ಕಕ್ಕೆ ಬರುತ್ತದೆ. ಜೋಳದ ನಾರಿಗೂ ಈ ನೀರು ಬೇಕು, ಇಲ್ಲದಿದ್ದರೆ ಮಲಬದ್ಧತೆ ಕಾಡುತ್ತದೆ.

ಎಳ್ಳ ಅಮಾಸಿಯ ಚರಗದ ಊಟವೋ ಮನೆಯ ಮದುವೆಯೋ ಸೂಜಿಯ ಮಾರನೆಯ ದಿನವೇ ಬಿದ್ದರೆ ಸೂಜಿಯ ದಿನವನ್ನು ಬದಲಿಸಬಹುದು. ಎರಡು ಡೋಸುಗಳ ನಡುವೆ ಸೆಮಾಗ್ಲುಟೈಡ್‌ಗೆ ಕನಿಷ್ಠ 48 ಗಂಟೆ, ಟಿರ್ಜೆಪಟೈಡ್‌ಗೆ 72 ಗಂಟೆ ಅಂತರವಿರಬೇಕು. ಅಂತರ ಕಡಿಮೆಯಾದಷ್ಟೂ ವಾಕರಿಕೆ ಹೆಚ್ಚಾಗಬಹುದು, ಹಾಗಾಗಿ ಹಿಂದೆ ತರುವುದಕ್ಕಿಂತ ಒಂದೆರಡು ದಿನ ಮುಂದೆ ಹಾಕುವುದು ಲೇಸು, ವೈದ್ಯರಿಗೆ ಹೇಳಿಯೇ. ‘ಇನ್ನೊಂದು ಹೋಳಿಗಿ ಹಾಕಸ್ಕೊಳ್ರಿ’ ಎಂದು ಬಡಿಸುವವರು ಬಗ್ಗಿದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿಯುವುದನ್ನು ಮೊದಲ ತುತ್ತಿಗೇ ಶುರುಮಾಡಿ. ಮುಲಾಜಿಗೆ ಉಂಡು ವಾಂತಿಯಾದರೆ ಆ ಹೋಳಿಗೆಯೊಂದಿಗಿನ ನಂಟು ಬಹಳ ದಿನ ಕೆಟ್ಟಿರುತ್ತದೆ.

ಇವು ಹೇವರಿಕೆಯಲ್ಲ, ಆಸ್ಪತ್ರೆಯ ದಾರಿ ಹಿಡಿಯಬೇಕಾದವು: ಬೆನ್ನಿಗೆ ಹಾಯುವ, ಬಿಡದ ಹೊಟ್ಟೆನೋವು, ಬಲಪಕ್ಕೆಲುಬಿನ ಕೆಳಗೆ ನೋವಿನೊಂದಿಗೆ ಜ್ವರ ಅಥವಾ ಕಣ್ಣು ಹಳದಿಯಾಗುವುದು, ಒಂದು ದಿನವಿಡೀ ನೀರೂ ನಿಲ್ಲದಿರುವುದು, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗುವುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜೊತೆಗಿದ್ದವರು ಊಟ ತಪ್ಪಿದ ದಿನ, ಶ್ರಾವಣದ ಉಪವಾಸವಿರಲಿ ರಂಜಾನ್ ರೋಜಾ ಇರಲಿ, ಸಕ್ಕರೆ ಏಕಾಏಕಿ ಇಳಿಯದಂತೆ ಡೋಸಿನ ಬಗ್ಗೆ ಮೊದಲೇ ಕೇಳಿಟ್ಟುಕೊಳ್ಳಬೇಕು.

ಕಳೆದುಕೊಂಡ ರುಚಿಯನ್ನು ಮರಳಿ ತರಲು ಸೂಜಿಯ ಮುಂಚಿನ ಎರಡು ದಿನ ಒಳ್ಳೆಯವು. ಬುಧವಾರ ಸೂಜಿಯಾದರೆ ಸೋಮವಾರ, ಮಂಗಳವಾರ. ವಾಕರಿಕೆ ಇಲ್ಲದ ಹೊತ್ತಿನಲ್ಲಿ ಆ ಪದಾರ್ಥ ಮತ್ತೆ ಮತ್ತೆ ಬಾಯಿಗೆ ಬಂದು, ಕೆಡುಕೇನೂ ಆಗದಿದ್ದರೆ ಮೆದುಳು ಮೊದಲ ಪಾಠದ ಮೇಲೆ ಇನ್ನೊಂದು ಪಾಠ ಬರೆದುಕೊಳ್ಳುತ್ತದೆ. ಬಿಸಿ ರೊಟ್ಟಿಯೇ ಬೇಕಿದ್ದರೆ ಹಂಚಿನಿಂದ ಇಳಿಸಿ ಹತ್ತು ನಿಮಿಷ ಆರಲು ಬಿಡಿ, ಕಾಲು ರೊಟ್ಟಿ ಮುರಿದುಕೊಳ್ಳಿ, ಪಲ್ಯದ ಬದಲು ಮೊಸರು. ಒಂದು ತುತ್ತು ಹೋಗಿ ಎರಡನೆಯದಕ್ಕೆ ಕೈ ಬರದಿದ್ದರೆ ಅಲ್ಲಿಗೇ ಬಿಡಿ, ಮುಂದಿನ ಸೋಮವಾರ ಮತ್ತೆ ಕಾಲು ರೊಟ್ಟಿ.