ಮರುಭೂಮೀಕರಣ ಎಂದರೆ ಹೊಲಕ್ಕೆ ಮರಳು ಬರುವುದೇ?

ಪ್ರಶ್ನೆ: ನಮ್ಮ ಕಡೆ ಮರಳ ದಿಬ್ಬವೇ ಇಲ್ಲ. ಆದರೂ ಮರುಭೂಮೀಕರಣ ಎನ್ನುತ್ತಾರಲ್ಲ, ಅದರಿಂದ ಜಮೀನಿನ ಬಳಕೆ ಹೇಗೆ ಬದಲಾಗುತ್ತದೆ?

ಮರುಭೂಮೀಕರಣ ಎಂದರೆ ಒಣ ಸೀಮೆಯ ನೆಲ ಸತ್ವ ಕಳೆದುಕೊಳ್ಳುವುದು. ಅದರಲ್ಲಿ ಮರಳು ಬರುವುದೂ ಉಂಟು. ಅನಂತಪುರ ಜಿಲ್ಲೆಯ ಬೊಮ್ಮನಹಾಳ, ಕಣೇಕಲ್ ಕಡೆ ಬತ್ತಿದ ಹಗರಿ ನದಿಯ ಮರಳನ್ನು ಗಾಳಿ ಹೊಲಗಳಿಗೆ ಸುರಿದಿದೆ. ಆದರೆ ಹೆಚ್ಚಿನ ಕಡೆ ಏನೂ ಬರುವುದಿಲ್ಲ, ಇದ್ದ ಮಣ್ಣೇ ಹೋಗುತ್ತದೆ. ಇಸ್ರೋ ನಕ್ಷೆಯ ಪ್ರಕಾರ 2018-19ರಲ್ಲಿ ದೇಶದ ನೆಲದಲ್ಲಿ ಶೇ 29.77ರಷ್ಟು ಮಣ್ಣಿನ ಸವೆತವೂ ಸೇರಿ ನಾನಾ ಕಾರಣಕ್ಕೆ ಸತ್ವ ಕಳೆದುಕೊಂಡಿತ್ತು.

ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡೋಣ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತಿದ್ದ ಕೆಂಪು ನೆಲಕ್ಕೆ ಕಡಲೆಕಾಯಿ ಬಂದಿತು. ಕೈಗೆ ಕಾಸು ಕೊಡುವ ಬೆಳೆ, ರೈತನನ್ನು ದೂರುವಂತಿಲ್ಲ. ಆದರೆ ರಾಗಿ ಕೊಯ್ದರೆ ಕೂಳೆಯಾದರೂ ಮಣ್ಣು ಹಿಡಿದಿರುತ್ತದೆ. ಕಡಲೆಕಾಯಿ ಗಿಡವನ್ನು ಬೇರುಸಹಿತ ಕಿತ್ತು, ಬಳ್ಳಿಯನ್ನೂ ದನಕ್ಕೆ ಒಯ್ದ ಮೇಲೆ ನೆಲ ಬೆತ್ತಲೆ. ಬಿರುಮಳೆಯ ಮರುದಿನ ಇಳಿಜಾರಿನ ಹೊಲಕ್ಕೆ ಹೋಗಿ ನೋಡಿ: ನುಣ್ಣನೆಯ ಮಣ್ಣು ಕೆಳಗಿನ ಬದುವಿನ ಬಳಿ ಕೆನೆಗಟ್ಟಿ ಕೂತಿರುತ್ತದೆ, ಮೇಲುಗಡೆ ಗರಸುಕಲ್ಲು ಹಲ್ಲು ಕಿರಿಯುತ್ತಿರುತ್ತದೆ.

ಮೇಲ್ಮಣ್ಣು ತೆಳುವಾದರೆ ಮಳೆನೀರು ನಿಲ್ಲದು. ಹತ್ತು ದಿನ ಮೋಡ ಮರೆಯಾದರೂ ಪೈರು ಬಾಡುತ್ತದೆ. ಆಗ ಸಾಲ ಮಾಡಿ ಕೊಳವೆಬಾವಿ. ಅದೂ ಕೈಕೊಟ್ಟರೆ ಹೊಲ ಬೀಳು. ಪಹಣಿಯಲ್ಲಿ ಅದು ಈಗಲೂ ಖುಷ್ಕಿ, ಅಂದರೆ ಮಳೆ ನಂಬಿ ಬೆಳೆಯುವ ಜಮೀನೇ, ಬೆಳೆದಿರುವುದು ಮಾತ್ರ ಬಳ್ಳಾರಿ ಜಾಲಿ. ಅದನ್ನು ಕಡಿದು ಇದ್ದಿಲು ಸುಡುವುದೇ ಕೆಲವರಿಗೆ ಆ ನೆಲದ ಆದಾಯ.

ಇಂಥ ನೆಲಕ್ಕೆ ಸೌರ ಫಲಕ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಪಾವಗಡದ ಸೌರ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದೆ, ಸಾಮರ್ಥ್ಯ 2,050 ಮೆಗಾವಾಟ್. ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ದೊಡ್ಡ ಆಸರೆ, ಒಪ್ಪುತ್ತೇನೆ. ಆದರೆ ಬಾಡಿಗೆ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಹೆಂಗಸರಿಗೆ ಆ ಕೂಲಿ ಇಲ್ಲವಾಯಿತು. ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರು ಈಗ ತಂತಿಬೇಲಿಯ ಪಕ್ಕದಲ್ಲೇ ಮಂದೆ ಹೊಡೆದುಕೊಂಡು ಮೇವು ಹುಡುಕಿ ಇನ್ನಷ್ಟು ದೂರ ನಡೆಯಬೇಕು.