ಓದುವ ಡ್ರೈವ್ ಬರೆಯುವುದಿಲ್ಲ ಏಕೆ? ಲ್ಯಾಪ್‌ಟಾಪ್ ಡಿವಿಡಿ ಬರ್ನಿಂಗ್ ಎರರ್‌ಗಳ ಟಿಪ್ಪಣಿ

ಡ್ರೈವ್ ಹಳೆಯ ಡಿವಿಡಿಗಳನ್ನೆಲ್ಲ ಚೆನ್ನಾಗಿ ಓದುತ್ತದೆ. ಸಿನಿಮಾ ಎಲ್ಲೂ ತಡೆಯದೆ ಓಡುತ್ತದೆ. ಖಾಲಿ ಡಿಸ್ಕ್ ಹಾಕಿ ಬರ್ನ್ ಒತ್ತಿದ ಕೂಡಲೇ ಮಾತ್ರ ಎರರ್. ಓದುತ್ತಿದೆ ಅಂದಮೇಲೆ ಲೇಸರ್ ಸರಿ ಇದೆ, ಹಾಗಾದರೆ ಸಾಫ್ಟ್‌ವೇರ್‌ನದೇ ತಪ್ಪು ಅಂತ ಯೋಚನೆ ಹೋಗುತ್ತದೆ, ಅಲ್ವಾ? ಅಲ್ಲೇ ಗಂಟು ಇರುವುದು. ಓದುವುದಕ್ಕೆ ಸಾಕಾಗುವ ಲೇಸರ್ ಬರೆಯುವುದಕ್ಕೆ ಸಾಕಾಗಬೇಕೆಂದಿಲ್ಲ. ಈ ಟಿಪ್ಪಣಿಯ ಮುಕ್ಕಾಲು ಭಾಗ ಅದರ ಸುತ್ತಲೇ ಇದೆ. ಸಾಫ್ಟ್‌ವೇರ್ ಹಾಕಿಕೊಳ್ಳುವುದು, ಫೈಲ್ ಎಳೆದು ಬಿಡುವುದು ಇದನ್ನೆಲ್ಲ ಬರೆಯುತ್ತಿಲ್ಲ, ಅದು ನಿಮಗೆ ಗೊತ್ತಿರುತ್ತದೆ.

ಮೊದಲು ಲಾಗ್ ತೆಗೆಯಿರಿ

ವಿಂಡೋಸ್ ತಾನಾಗಿ ತೋರಿಸುವ ಸಂದೇಶದಿಂದ ಏನೂ ತಿಳಿಯುವುದಿಲ್ಲ. ಇಮ್ಗ್‌ಬರ್ನ್ ಎಂಬ ಬರ್ನಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಬರ್ನ್‌ನಲ್ಲಿ ಏನೇನಾಯಿತು ಎಂಬ ದಾಖಲೆಯನ್ನು (ಲಾಗ್) ಅದು ಇಡುತ್ತದೆ. 2013ರ ನಂತರ ಹೊಸ ಆವೃತ್ತಿ ಬಂದಿಲ್ಲ, ಆದರೂ ಈ ಕೆಲಸಕ್ಕೆ ಅದರ ಲಾಗ್‌ನಷ್ಟು ಸ್ಪಷ್ಟವಾದದ್ದು ನನಗೆ ಬೇರೆ ಸಿಕ್ಕಿಲ್ಲ. ಲಿನಕ್ಸ್‌ನಲ್ಲಾದರೆ ಕೆ3ಬಿ ಎಂಬ ಸಾಫ್ಟ್‌ವೇರ್, ಅದರಲ್ಲಿ ಇಂಥದ್ದೇ ದಾಖಲೆಯಾದ ಡೀಬಗ್ ಔಟ್‌ಪುಟ್ ನೋಡಿ.

ಲಾಗ್‌ನಲ್ಲಿ ಮೂರು ಸಂಖ್ಯೆಗಳ ಒಂದು ಕೋಡ್ ಇರುತ್ತದೆ, ಉದಾಹರಣೆಗೆ 03/73/03. ಡ್ರೈವ್ ಜೋಡಣೆ ಸಾಟಾ ಬಗೆಯದಾದರೂ ಒಳಗೆ ಮಾತಾಡುವುದು ಸ್ಕಸಿ ಎಂಬ ಆದೇಶಗಳ ಭಾಷೆ. ಅದಕ್ಕೇ ಈ ಕೋಡ್‌ಗಳು ಎಲ್ಲ ಕಂಪನಿಯ ಡ್ರೈವ್‌ನಲ್ಲೂ ಒಂದೇ. ಮೊದಲ ಸಂಖ್ಯೆ ದೂರು ಯಾವ ಬಗೆಯದು ಎಂದು ಹೇಳುತ್ತದೆ. 2 ಅಂದರೆ ಡ್ರೈವ್ ಇನ್ನೂ ತಯಾರಿಲ್ಲ. 3 ಅಂದರೆ ಡಿಸ್ಕ್‌ನ ತೊಂದರೆ. 4 ಅಂದರೆ ಹಾರ್ಡ್‌ವೇರ್. 5 ಅಂದರೆ ಸಾಫ್ಟ್‌ವೇರ್ ಕೇಳಬಾರದ್ದನ್ನು ಕೇಳಿದೆ, ಉದಾಹರಣೆಗೆ ಮುಚ್ಚಿಯಾಗಿರುವ (ಇನ್ನೇನೂ ಸೇರಿಸದಂತೆ ಮುಗಿಸಿರುವ) ಡಿಸ್ಕ್‌ಗೆ ಮತ್ತೆ ಬರೆ ಅಂದಿದೆ.

3 ಬಂದಾಗ ಡಿಸ್ಕ್ ಒಂದನ್ನೇ ಬೈಯಬೇಡಿ. ಬರೆದದ್ದು ಸರಿಯಾಗಿ ಮೂಡಲಿಲ್ಲ ಎನ್ನುವುದಷ್ಟೇ ಡ್ರೈವ್‌ಗೆ ಗೊತ್ತು. ಡಿಸ್ಕ್ ಕೆಟ್ಟಿದೆಯೋ ತನ್ನ ಲೇಸರ್ ಸೋತಿದೆಯೋ ಅದಕ್ಕೆ ತಿಳಿಯುವುದಿಲ್ಲ. ಎರಡಕ್ಕೂ 3 ಅಂತಲೇ ಹೇಳುತ್ತದೆ.

ಎಷ್ಟು ಪರ್ಸೆಂಟ್‌ನಲ್ಲಿ ನಿಂತಿತು?

ಕೋಡ್ ಸಿಗದಿದ್ದರೂ ಇದೊಂದು ಪ್ರಶ್ನೆ ಅರ್ಧ ಕೆಲಸ ಮಾಡುತ್ತದೆ. ಯಾರಾದರೂ ಬರ್ನ್ ಆಗ್ತಿಲ್ಲ ಅಂದರೆ ನಾನು ಮೊದಲು ಕೇಳುವುದು ಇದನ್ನೇ.

0%ನಲ್ಲೇ ನಿಂತರೆ ಲೇಸರ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಲಿಲ್ಲ. ನಡುವೆ ಎಲ್ಲೋ, ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಕೇಬಲ್, ಕರೆಂಟ್, ಬಿಸಿ ಅಥವಾ ಡೇಟಾ ಬರುವ ದಾರಿ. 90% ದಾಟಿ ನಿಂತರೆ ಡಿಸ್ಕ್‌ನ ಹೊರ ಅಂಚು. ಡಿಸ್ಕ್ ಒಳಗಿನಿಂದ ಹೊರಕ್ಕೆ ಬರೆಯಲ್ಪಡುತ್ತದೆ ಎಂಬುದನ್ನು ಮರೆಯಬೇಡಿ. ಡಿಸ್ಕ್ ಒಂದೇ ಸಮ ತಿರುಗುತ್ತಿದ್ದರೆ ಹೊರ ಅಂಚು ಒಳ ಅಂಚಿಗಿಂತ ಸುಮಾರು 2.4 ಪಟ್ಟು ವೇಗವಾಗಿ ಲೇಸರ್ ಮುಂದೆ ಹಾಯುತ್ತದೆ. ಬರೆಯುವ ವೇಗವನ್ನು ಎಕ್ಸ್‌ನಲ್ಲಿ ಹೇಳುತ್ತಾರೆ, ಹೊರಗೆ 8ಎಕ್ಸ್ ಅಂದರೆ ಒಳಗೆ ಶುರುವಾಗುವುದು ಸುಮಾರು 3.3ಎಕ್ಸ್‌ನಲ್ಲಿ. ವೇಗವೂ ಜಾಸ್ತಿ, ಡಿಸ್ಕ್ ಸ್ವಲ್ಪ ಬಾಗಿದ್ದರೆ ಅಲ್ಲಾಟವೂ ಜಾಸ್ತಿ, ಬೆರಳಿನ ಗುರುತು ಹೆಚ್ಚಾಗಿ ಬೀಳುವುದೂ ಅಲ್ಲೇ. ಉಪಾಯ ಸರಳ. 4.3 ಜಿಬಿ ತುಂಬಿಸುವ ಬದಲು 3.8ಕ್ಕೆ ನಿಲ್ಲಿಸಿ. ಸುಮ್ನೆ ಅಂಚಿನವರೆಗೆ ಹೋಗುವುದು ಬೇಡ.

ಪವರ್ ಕ್ಯಾಲಿಬ್ರೇಶನ್: ತಲೆ ತಿನ್ನುವ ಭಾಗ

03/73/03 ಅಂದರೆ ಪವರ್ ಕ್ಯಾಲಿಬ್ರೇಶನ್ ಏರಿಯಾ ಎರರ್. ಇದನ್ನು ನೋಡಿ ಚಾರ್ಜರ್ ಬದಲಿಸಿದವರಿದ್ದಾರೆ. ಲ್ಯಾಪ್‌ಟಾಪ್ ಒಳಗಿನ ಡ್ರೈವ್‌ನಲ್ಲಿ ಈ ಎರರ್‌ಗೂ ಚಾರ್ಜರ್‌ಗೂ ಸಂಬಂಧವಿಲ್ಲ. ಇಲ್ಲಿ ಪವರ್ ಅಂದರೆ ಲೇಸರ್‌ನ ಶಕ್ತಿ.

ಬರೆಯುವುದು ಅಂದರೇನು ಎಂದು ನೋಡೋಣ. ಡಿವಿಡಿ-ಆರ್ (ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿ) ಒಳಗೆ ಬಣ್ಣದ ಒಂದು ತೆಳು ಪದರ ಇದೆ. ಓದುವಾಗ ಲೇಸರ್ ಅದರ ಮೇಲೆ ಮೆಲ್ಲಗೆ ಬೀಳುತ್ತದೆ, ಸುಮಾರು 1 ಮಿಲಿವ್ಯಾಟ್ ಅಥವಾ ಅದಕ್ಕೂ ಕಡಿಮೆ. ವಾಪಸ್ ಬರುವ ಬೆಳಕನ್ನು ಅಳೆದರೆ ಮುಗಿಯಿತು. ಬರೆಯುವಾಗ ಅದೇ ಲೇಸರ್ ಹತ್ತಾರು ಮಿಲಿವ್ಯಾಟ್‌ಗೆ ಏರಿ ಬಣ್ಣದ ಪದರವನ್ನು ಸುಟ್ಟು ಬದಲಾಯಿಸಬೇಕು. ಅಂದರೆ ಹತ್ತಾರು ಪಟ್ಟು ಜಾಸ್ತಿ. ವಯಸ್ಸಾದ ಲೇಸರ್ 1 ಮಿಲಿವ್ಯಾಟ್ ಆರಾಮಾಗಿ ಕೊಡುತ್ತದೆ, ಆ ಎತ್ತರಕ್ಕೆ ಏರಲು ಮಾತ್ರ ಆಗುವುದಿಲ್ಲ. ಸಿನಿಮಾ ಓಡುತ್ತದೆ, ಬರ್ನ್ ಆಗುವುದಿಲ್ಲ. ಒಗಟು ಇಷ್ಟೇ.

ಈಗ ಕ್ಯಾಲಿಬ್ರೇಶನ್, ಅಂದರೆ ಆ ಶಕ್ತಿಯನ್ನು ಹೊಂದಿಸಿಕೊಳ್ಳುವುದು. ಎಷ್ಟು ಶಕ್ತಿ ಬೇಕು ಎಂಬುದು ಡಿಸ್ಕ್‌ನಿಂದ ಡಿಸ್ಕ್‌ಗೆ ಬೇರೆ. ಕಡಿಮೆಯಾದರೆ ಗುರುತು ಮೂಡುವುದಿಲ್ಲ, ಜಾಸ್ತಿಯಾದರೆ ಅಕ್ಕಪಕ್ಕಕ್ಕೂ ಹರಡುತ್ತದೆ. ಕಾವಲಿ ಕಾದಿದೆಯೋ ಇಲ್ಲವೋ ನೋಡಲು ಮೊದಲು ಒಂದು ಪುಟ್ಟ ದೋಸೆ ಹುಯ್ದು ನೋಡುವ ಹಾಗೆ, ಡ್ರೈವ್ ಕೂಡ ನಿಜವಾದ ಡೇಟಾ ಬರೆಯುವ ಮೊದಲು ಡಿಸ್ಕ್‌ನ ಒಂದು ಮೂಲೆಯಲ್ಲಿ ಬರೆದು ನೋಡುತ್ತದೆ. ಸಿಡಿ-ಆರ್‌ನಲ್ಲಿ ಆ ಜಾಗ ಒಳ ಅಂಚಿನಲ್ಲಿದೆ. ಹೆಜ್ಜೆಗಳು ಹೀಗೆ:

1. ಡಿಸ್ಕ್‌ನಲ್ಲಿ ಮೊದಲೇ ಅಚ್ಚಾಗಿರುವ ಗುರುತಿನ ಕೋಡ್ ಓದುತ್ತದೆ. ಯಾವ ಕಾರ್ಖಾನೆಯ ಯಾವ ಬಗೆಯ ಡಿಸ್ಕ್ ಎಂದು ತಿಳಿಯುತ್ತದೆ.
2. ತನ್ನ ಫರ್ಮ್‌ವೇರ್‌ನ (ಡ್ರೈವ್ ಒಳಗೇ ಇರುವ ಸಾಫ್ಟ್‌ವೇರ್‌ನ) ಪಟ್ಟಿಯಲ್ಲಿ ಆ ಕೋಡ್ ಹುಡುಕುತ್ತದೆ. ಸಿಕ್ಕರೆ ಆ ಡಿಸ್ಕ್‌ಗೆ ಹೇಗೆ ಬರೆಯಬೇಕು ಎಂಬುದು ಅಲ್ಲೇ ಇರುತ್ತದೆ. ಸಿಗದಿದ್ದರೆ ಎಲ್ಲಕ್ಕೂ ಬಳಸುವ ಒಂದು ಸಾಮಾನ್ಯ ಲೆಕ್ಕ ಹಿಡಿಯುತ್ತದೆ.
3. ಪರೀಕ್ಷೆಯ ಜಾಗದಲ್ಲಿ ಬೇರೆ ಬೇರೆ ಶಕ್ತಿಯಲ್ಲಿ ಬರೆಯುತ್ತದೆ.
4. ಬರೆದದ್ದನ್ನು ತಾನೇ ಓದಿ, ಯಾವ ಶಕ್ತಿಯಲ್ಲಿ ಗುರುತು ಚೆನ್ನಾಗಿ ಬಂದಿದೆ ಎಂದು ಆರಿಸುತ್ತದೆ.
5. ಯಾವುದೂ ಚೆನ್ನಾಗಿಲ್ಲದಿದ್ದರೆ 03/73/03 ಎಂದು ಕೈಚೆಲ್ಲುತ್ತದೆ.

ಎರಡನೇ ಹೆಜ್ಜೆಯನ್ನು ಇನ್ನೊಮ್ಮೆ ಓದಿ. ಎಷ್ಟೋ ಗೊಂದಲ ಅಲ್ಲಿಂದಲೇ ಬರುತ್ತದೆ. ಡ್ರೈವ್ ನೋಡುವುದು ಡಬ್ಬದ ಮೇಲಿನ ಬ್ರ್ಯಾಂಡ್ ಅಲ್ಲ, ಕಾರ್ಖಾನೆಯ ಕೋಡ್. ತೈವಾನಿನ ಸಿಎಂಸಿ ಮ್ಯಾಗ್ನೆಟಿಕ್ಸ್, ರೈಟೆಕ್‌ನಂಥ ಕಂಪನಿಗಳು ಹಲವು ಬ್ರ್ಯಾಂಡ್‌ಗಳಿಗೆ ಡಿಸ್ಕ್ ಮಾಡಿಕೊಟ್ಟಿವೆ. ಹಾಗಾಗಿ ಎರಡು ಬ್ರ್ಯಾಂಡ್ ಕೊಂಡರೂ ಒಳಗೆ ಒಂದೇ ಡಿಸ್ಕ್ ಇರಬಹುದು. ಒಂದೇ ಬ್ರ್ಯಾಂಡ್‌ನ ಎರಡು ಡಬ್ಬಗಳಲ್ಲಿ ಬೇರೆ ಡಿಸ್ಕ್‌ಗಳೂ ಇರಬಹುದು. ಬೇರೆ ಡಿಸ್ಕ್ ಹಾಕಿ ನೋಡಿದೆ ಎನ್ನುವ ಮೊದಲು ಇಮ್ಗ್‌ಬರ್ನ್‌ನ ಬಲಭಾಗದಲ್ಲಿ ಕಾಣುವ ಡಿಸ್ಕ್ ಐಡಿ ನೋಡಿ. ಅದು ನಿಜಕ್ಕೂ ಬೇರೆ ಇರಬೇಕು.

ಹಳೆ ಸ್ಟಾಕ್ ಇನ್ನೊಂದು ತೊಂದರೆ. ಬಣ್ಣದ ಪದರಕ್ಕೂ ವಯಸ್ಸಾಗುತ್ತದೆ, ಖಾಲಿ ಡಿಸ್ಕ್‌ಗೂ ಇದು ತಪ್ಪಿದ್ದಲ್ಲ. ನಮ್ಮ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದ ಡಿಸ್ಕ್ ಕಂಪನಿ ಮೋಸರ್ ಬೇರ್ 2018ರಲ್ಲಿ ಲಿಕ್ವಿಡೇಶನ್‌ಗೆ (ಆಸ್ತಿ ಮಾರಿ ಕಂಪನಿ ಮುಚ್ಚುವ ಹಂತಕ್ಕೆ) ಹೋಯಿತು. ಈಗ ಅದರ ಡಬ್ಬ ಕೈಗೆ ಸಿಕ್ಕರೆ ಎಷ್ಟು ವರ್ಷದ್ದು ಎಂದು ನೀವೇ ಲೆಕ್ಕ ಹಾಕಿ. ಡಿಸ್ಕ್ ಒಳ್ಳೆಯದೇ ಆಗಿದ್ದಿರಬಹುದು. ಬಿಸಿಲು ಬೀಳುವ ಕಪಾಟಿನಲ್ಲಿ ಕಳೆದ ವರ್ಷಗಳಿಗೆ ಏನೂ ಮಾಡುವ ಹಾಗಿಲ್ಲ.

ಇದಕ್ಕೇ ಅಂಟಿಕೊಂಡ ಒಂದು ಬಲೆ ಸಿಮ್ಯುಲೇಶನ್. ಸಾಫ್ಟ್‌ವೇರ್‌ನಲ್ಲಿ ಟೆಸ್ಟ್ ಮೋಡ್ ಇದೆ. ಡಿಸ್ಕ್ ಹಾಳಾಗದೆ ಪರೀಕ್ಷೆ ಮಾಡಬಹುದು ಅಂತ ಖುಷಿಯಾಗುತ್ತದೆ. ಆದರೆ ಟೆಸ್ಟ್ ಮೋಡ್‌ನಲ್ಲಿ ಲೇಸರ್ ಬರೆಯುವ ಶಕ್ತಿಗೆ ಏರುವುದೇ ಇಲ್ಲ. ಡೇಟಾ ಸರಿಯಾಗಿ ಬರುತ್ತಿದೆಯೇ ಎಂಬುದಷ್ಟೇ ಗೊತ್ತಾಗುತ್ತದೆ. ಟೆಸ್ಟ್ ಪಾಸಾಗಿ ನಿಜವಾದ ಬರ್ನ್ ಫೇಲಾದರೆ ಆಶ್ಚರ್ಯ ಬೇಡ, ಅದು ಲೇಸರ್ ಕಡೆಗೇ ಬೆರಳು ತೋರಿಸುತ್ತದೆ. ಒಮ್ಮೆ ಬರೆಯುವ ಡಿವಿಡಿಯ ಇನ್ನೊಂದು ಬಗೆಯಾದ ಡಿವಿಡಿ+ಆರ್‌ಗೆ ಈ ಮೋಡ್ ಇಲ್ಲವೇ ಇಲ್ಲ.

ಅಪರೂಪಕ್ಕೆ 03/73/02 ಕಾಣಬಹುದು. ಅದು ಪರೀಕ್ಷೆಯ ಜಾಗವೇ ತುಂಬಿಹೋಗಿದೆ ಅನ್ನುವ ದೂರು. ಸಿಡಿ-ಆರ್‌ನಲ್ಲಿ ಸುಮಾರು 100 ಸಲಕ್ಕೆ ಆಗುವಷ್ಟು ಜಾಗ ಇದೆ. ಒಂದೇ ಡಿಸ್ಕ್‌ಗೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗುವವರಿಗೆ ಮಾತ್ರ ಇದು ಎದುರಾಗುತ್ತದೆ.

ನಿಧಾನ ಮಾಡಿ ಅನ್ನುವ ಸಲಹೆ

ಎಲ್ಲರೂ ಕೊಡುವ ಸಲಹೆ ಇದು, ಅರ್ಧ ಸರಿ. ವೇಗ ಇಳಿಸಿದರೆ ಲೇಸರ್‌ಗೆ ಬೇಕಾದ ಶಕ್ತಿಯೂ ಇಳಿಯುತ್ತದೆ. ಸೋತ ಲೇಸರ್‌ಗೆ ಸ್ವಲ್ಪ ಉಸಿರು ಸಿಗುತ್ತದೆ. ಆದರೆ 16ಎಕ್ಸ್ ಎಂದು ಬರೆದಿರುವ ಡಿಸ್ಕ್‌ನ ಪದರ ವೇಗಕ್ಕಾಗಿಯೇ ಮಾಡಿದ್ದು. ತೀರಾ ನಿಧಾನಕ್ಕೆ ಇಳಿಸಿದರೆ ಬರಹ ಕೆಲವೊಮ್ಮೆ ಇನ್ನೂ ಕೆಡುತ್ತದೆ. ಲ್ಯಾಪ್‌ಟಾಪ್ ಡ್ರೈವ್ ಸಾಮಾನ್ಯವಾಗಿ 8ಎಕ್ಸ್ ದಾಟುವುದಿಲ್ಲ. ನನ್ನ ಆಯ್ಕೆ 4ಎಕ್ಸ್. ಡಿವಿಡಿಯಲ್ಲಿ 1ಎಕ್ಸ್ ಅಂದರೆ ಸೆಕೆಂಡಿಗೆ 1.385 ಎಂಬಿ. ಆ ಲೆಕ್ಕದಲ್ಲಿ ಪೂರ್ತಿ ಡಿಸ್ಕ್‌ಗೆ 14 ನಿಮಿಷ. ಚಹಾ ಕುಡಿದು ಬನ್ನಿ.

ಒಂದಾದಮೇಲೊಂದು ಡಿಸ್ಕ್ ಬರೆಯಬೇಡಿ. ಬಿಸಿಯಾದಂತೆ ಲೇಸರ್‌ನ ಬೆಳಕಿನ ತರಂಗಾಂತರ ಸ್ವಲ್ಪ ಸರಿಯುತ್ತದೆ. ಬಣ್ಣದ ಪದರ ಅದಕ್ಕೆ ಬೇರೆ ರೀತಿ ಪ್ರತಿಕ್ರಿಯಿಸುತ್ತದೆ. ಮೊದಲನೆಯದು ಸರಿ, ಮೂರನೆಯದು ಫೇಲ್ ಎಂದಾದರೆ ಡ್ರೈವ್ ತಣ್ಣಗಾಗಲು ಬಿಡಿ. ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಬರ್ನ್ ಮಾಡುವುದಂತೂ ಬೇಡವೇ ಬೇಡ.

ಸಿಡಿ ಆಗುತ್ತೆ, ಡಿವಿಡಿ ಆಗಲ್ಲ

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಸಿಡಿಗೆ 780 ನ್ಯಾನೊಮೀಟರ್‌ನ ಇನ್‌ಫ್ರಾರೆಡ್ ಲೇಸರ್ ಬೇಕು. ಡಿವಿಡಿಗೆ 650ರ ಕೆಂಪು ಲೇಸರ್. ಡ್ರೈವ್ ಒಂದೇ ಆದರೂ ಬೆಳಕು ಎರಡು, ಒಂದು ಸೋತು ಇನ್ನೊಂದು ಗಟ್ಟಿಯಾಗಿರಬಹುದು. ಹಾಗಾಗಿ ಒಂದು ಸಿಡಿ-ಆರ್, ಐಡಿ ಬೇರೆ ಇರುವ ಎರಡು ಡಿವಿಡಿ, ಇಷ್ಟು ಕೈಯಲ್ಲಿರಲಿ.

ಸಿಡಿ ಬರೆದು ಎರಡೂ ಡಿವಿಡಿ ಫೇಲಾದರೆ ಕೆಂಪು ಲೇಸರ್ ಸೋತಿದೆ. ಒಂದು ಡಿವಿಡಿ ಬರೆದು ಇನ್ನೊಂದು ಫೇಲಾದರೆ ಡಿಸ್ಕ್ ಹೊಂದುತ್ತಿಲ್ಲ, ಡ್ರೈವ್ ಬದಲಿಸಬೇಕಿಲ್ಲ. ಮೂರೂ ಫೇಲಾದರೆ ಎರಡೂ ಬೆಳಕು ಹಾಯುವ ಲೆನ್ಸ್ ಮೇಲೆ ಧೂಳು ಕೂತಿರಬಹುದು. ಅದು ಪುಣ್ಯ, ಒರೆಸಿದರೆ ಹೋಗುತ್ತದೆ. ಮೂರೂ ಫೇಲಾಗಿ ಲೆನ್ಸ್ ಒರೆಸಿದಮೇಲೂ ಹಾಗೇ ಇದ್ದರೆ ಡ್ರೈವ್ ಬದಲಿಸಿ. ಬದಲಿಸುವಾಗ ದಪ್ಪ ಅಳೆಯಿರಿ, 12.7 ಮಿಲಿಮೀಟರ್ ಮತ್ತು 9.5 ಮಿಲಿಮೀಟರ್ ಎರಡು ಬಗೆ ಇವೆ.

ಲೆನ್ಸ್ ಒರೆಸುವುದು ಲ್ಯಾಪ್‌ಟಾಪ್‌ನಲ್ಲಿ ಸುಲಭ. ಡೆಸ್ಕ್‌ಟಾಪ್ ಡ್ರೈವ್‌ನಲ್ಲಿ ಲೆನ್ಸ್ ಒಳಗೆ ಉಳಿಯುತ್ತದೆ, ಇಲ್ಲಿ ಟ್ರೇ ಜೊತೆ ಹೊರಗೇ ಬರುತ್ತದೆ. ಧೂಳು ಕೂರುವುದೂ ಅದೇ ಕಾರಣಕ್ಕೆ. ಲ್ಯಾಪ್‌ಟಾಪ್ ಆಫ್ ಮಾಡಿ, ಎಜೆಕ್ಟ್ ತೂತಿಗೆ ಪಿನ್ ಚುಚ್ಚಿ ಟ್ರೇ ತೆಗೆಯಿರಿ. ಮೊದಲು ಬ್ಲೋವರ್‌ನಿಂದ ಗಾಳಿ ಹಾಯಿಸಿ. ಹೋಗದಿದ್ದರೆ ಕಾಟನ್ ಬಡ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಹಾಕಿ ಹಗುರವಾಗಿ ಒರೆಸಿ. ಲೆನ್ಸ್ ತೆಳ್ಳಗಿನ ತಂತಿಗಳ ಮೇಲೆ ತೇಲುತ್ತಿರುತ್ತದೆ, ಒತ್ತಬೇಡಿ. ಬಾಯಲ್ಲಿ ಊದಬೇಡಿ, ಉಗುಳಿನ ಹನಿ ಬೀಳುತ್ತದೆ.

ಯುಎಸ್‌ಬಿ ಡ್ರೈವ್ ಆದರೆ

ಮೇಲೆ ಚಾರ್ಜರ್‌ಗೆ ಸಂಬಂಧವಿಲ್ಲ ಅಂದದ್ದು ಒಳಗಿನ ಡ್ರೈವ್‌ಗೆ. ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡ್ರೈವ್‌ನಲ್ಲಿ ಕರೆಂಟ್ ಕೊರತೆ ನಿಜವಾಗಿಯೂ ಕಾಡುತ್ತದೆ. ಯುಎಸ್‌ಬಿ 2 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ಓದಲು ಸಾಕು, ಬರೆಯುವಾಗ ಸಾಲದೆ ಹೋಗುತ್ತದೆ. ಲಕ್ಷಣ ಹೀಗಿರುತ್ತದೆ: ಬರ್ನ್ ಶುರುವಾದ ಸ್ವಲ್ಪ ಹೊತ್ತಿಗೆ ಡ್ರೈವ್ ಕಾಣೆಯಾಗಿ, ವಿಂಡೋಸ್ ಟುಡುಂಗ್ ಎಂದು ಸದ್ದು ಮಾಡಿ, ಮತ್ತೆ ಕಾಣಿಸಿಕೊಳ್ಳುತ್ತದೆ. ಕರೆಂಟ್ ಇಲ್ಲದ ಹಬ್ ಬಿಟ್ಟು ನೇರ ಲ್ಯಾಪ್‌ಟಾಪ್‌ಗೆ ಹಾಕಿ. ಎರಡು ತಲೆಯ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಹಾಕಿ.

ಉಳಿದ ಚಿಕ್ಕಪುಟ್ಟವು

ಡ್ರೈವ್ ಕಾಣಿಸುತ್ತಲೇ ಇಲ್ಲ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಕೋಡ್ 19 ಅಥವಾ 39 ಎಂದಿದ್ದರೆ ಸಾಮಾನ್ಯವಾಗಿ ಯಾವುದೋ ಹಳೆ ಬರ್ನಿಂಗ್ ಸಾಫ್ಟ್‌ವೇರ್ ಬಿಟ್ಟುಹೋದ ಕಸ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಸಿಡಿ ಡ್ರೈವ್‌ನ ಕ್ಲಾಸ್ ಕೀ ಎಂಬ ಫೋಲ್ಡರ್‌ನೊಳಗೆ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎಂಬ ಎರಡು ಸಾಲು ಇದ್ದರೆ ಅಳಿಸಿ ರೀಸ್ಟಾರ್ಟ್ ಮಾಡಿ. ಅಳಿಸುವ ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆ ಕೀ 4ಡಿ36ಇ965 ಎಂದು ಶುರುವಾಗುತ್ತದೆ, ಪಕ್ಕದಲ್ಲಿ ಅದೇ ಥರದ ಹೆಸರುಗಳು ಬಹಳ ಇವೆ, ಕಣ್ಣಿಟ್ಟು ನೋಡಿ.

4.7 ಜಿಬಿ ಅಂತ ಬರೆದಿದೆ, 4.5 ಹಿಡಿಯುತ್ತಿಲ್ಲ ಅನ್ನುವುದು ಎರರ್ ಅಲ್ಲ. ಡಿವಿಡಿ+ಆರ್‌ನ ಅಳತೆ 4,70,03,72,992 ಬೈಟ್. ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸಿ 4.38 ಅಥವಾ ಅದರ ಆಸುಪಾಸು ತೋರಿಸುತ್ತದೆ.

ಕೊನೆಗೆ 72ರ ಸರಣಿ, ಅಂದರೆ ಕೋಡ್‌ನ ನಡುವಿನ ಸಂಖ್ಯೆ 72 ಇರುವ, ಸೆಶನ್ (ಒಮ್ಮೆಗೆ ಬರೆದ ಭಾಗ) ಮುಚ್ಚುವಾಗಿನ ಎರರ್. ಡೇಟಾ ಪೂರ್ತಿ ಬರೆದಾಗಿದೆ, ಮುಚ್ಚಲು ಆಗಲಿಲ್ಲ ಅಂತ ಅರ್ಥ. ಇದನ್ನೂ ಸುಮ್ಮನೆ ತಡವಾಗುವುದನ್ನೂ ಬೇರೆ ಮಾಡಿ ನೋಡಿ. ಡಿವಿಡಿಯಲ್ಲಿ ಕೆಲವೇ ಎಂಬಿ ಹಾಕಿದ್ದರೆ ಡ್ರೈವ್ ಖಾಲಿ ಜಾಗ ತುಂಬಿಸಿ ಮುಚ್ಚುತ್ತದೆ. ಕೆಲವು ನಿಮಿಷ ಏನೂ ಆಗದಂತೆ ಕಾಣುತ್ತದೆ. ದೀಪ ಮಿನುಗುತ್ತಿರುವವರೆಗೆ ಎಜೆಕ್ಟ್ ಮುಟ್ಟಬೇಡಿ. ನಿಜಕ್ಕೂ 72 ಬಂದರೆ, ಇಮ್ಗ್‌ಬರ್ನ್‌ನ ಟೂಲ್ಸ್ ಮೆನುವಿನಲ್ಲಿ ಡಿಸ್ಕ್ ಮುಚ್ಚುವ ಆಯ್ಕೆಗಳಿವೆ, ಒಮ್ಮೆ ಕೊಟ್ಟು ನೋಡಿ. ಮುಚ್ಚಿಕೊಂಡರೆ ಡಿಸ್ಕ್ ಉಳಿಯಿತು, ಆದರೆ ವೆರಿಫೈ ಮಾಡುವಾಗ (ಬರೆದದ್ದು ಸರಿ ಇದೆಯೇ ಎಂದು ಓದಿ ನೋಡುವಾಗ) ಬರೆದ ಡ್ರೈವ್‌ನಲ್ಲೇ ಮಾಡದೆ ಬೇರೊಂದು ಡ್ರೈವ್‌ನಲ್ಲಿ ಮಾಡಿ.